ಅಯಾಜನ ಕತೆ ಮತ್ತು ಹಗುರ ಕಾದಂಬರಿಗಳ ಸುಖ

ತರೀಕೆರೆಯ ಯಾವುದೇ ಮುಸ್ಲಿಂ ಮೊಹಲ್ಲಾದಲ್ಲಿ ನಿಂತು 'ಅಯಾಜ್' ಎಂದು ಕೂಗಿದರೆ ಒಬ್ಬನಾದರೂ ತಿರುಗಿ ನೋಡುತ್ತಾನೆ. ಒಬ್ಬ ಗ್ಯಾರೇಜಿನಲ್ಲಿರುತ್ತಾನೆ, ಇನ್ನೊಬ್ಬ ಅಡಿಕೆ ವ್ಯಾಪಾರದಲ್ಲಿರುತ್ತಾನೆ, ಮತ್ತೊಬ್ಬ ಸೌದಿಯಿಂದ ರಜೆಗೆ ಬಂದಿರುತ್ತಾನೆ. 'ಮಹಮೂದ್' ಎಂದು ಕೂಗಿದರೂ ಹಾಗೆಯೇ. ಎರಡನ್ನೂ ಸೇರಿಸಿ ಒಂದೇ ಹೆಸರಾಗಿ ಇಟ್ಟುಕೊಂಡವರೂ ಉಂಟು. ಬೆಂಗಳೂರಿನಿಂದ 'ಸೌಗಾತ್' ಎಂಬ ಉರ್ದು ಸಾಹಿತ್ಯ ಪತ್ರಿಕೆಯನ್ನು ಹೊರತಂದು ದೂರದೂರದ ಉರ್ದು ಓದುಗರ ಗಮನ ಸೆಳೆದ ಸಂಪಾದಕರ ಹೆಸರೇ ಮಹಮೂದ್ ಅಯಾಜ್. ಮಹಮೂದ್ ಎಂಬ ಪದಕ್ಕೆ 'ಹೊಗಳಿಕೆಗೆ ಪಾತ್ರನಾದವನು' ಎಂಬ ಒಳ್ಳೆಯ ಅರ್ಥವಿದೆ, ನಿಜ. ಆದರೆ ಈ ಎರಡು ಹೆಸರುಗಳು ಹೀಗೆ ಜೋಡಿಯಾಗಿ ಬಂದದ್ದು ಅರ್ಥದ ಕಾರಣಕ್ಕಲ್ಲ, ಒಂದು ಕತೆಯ ಕಾರಣಕ್ಕೆ. ಒಬ್ಬ ಸುಲ್ತಾನ, ಇನ್ನೊಬ್ಬ ಅವನ ಗುಲಾಮ. ಅವರದು ಪ್ರೇಮಕತೆ.

ಈ ಹಳೆಯ ಕತೆಯನ್ನು ಈಗ ಎತ್ತಲು ಒಂದು ಕಾರಣವಿದೆ. ಇಂಗ್ಲಿಷಿನಲ್ಲಿ ಕೆಲವು ವರ್ಷಗಳಿಂದ ಒಂದು ಬಗೆಯ ಕಾದಂಬರಿಗಳು ಬಹಳವಾಗಿ ಬರುತ್ತಿವೆ. ರಾಜರ ಕಾಲದ ಅಥವಾ ವಿಕ್ಟೋರಿಯಾ ರಾಣಿಯ ಕಾಲದ ಹಿನ್ನೆಲೆ, ಇಬ್ಬರು ಗಂಡಸರ ನಡುವಿನ ಪ್ರೀತಿ, ಸ್ವಲ್ಪ ಒಳಸಂಚು, ಸ್ವಲ್ಪ ತಮಾಷೆ, ಕೊನೆಗೆ ಸುಖಾಂತ. ಗಂಭೀರ ಸಾಹಿತ್ಯವೆಂಬ ಹೆಸರು ಇವಕ್ಕಿಲ್ಲ. ಬಸ್ಸಿನಲ್ಲಿ, ರಾತ್ರಿ ಮಲಗುವ ಮುಂಚೆ ಓದಿ ಮುಗಿಸುವಂಥವು. ನಮ್ಮ ಸಣ್ಣ ಊರುಗಳ ಕಾಲೇಜು ಹುಡುಗ ಹುಡುಗಿಯರ ಮೊಬೈಲಿಗೂ ಇವು ಬಂದಿವೆ. ನಾವೂ ಓದಿದ್ದೇವೆ, ಓದಿ ಖುಷಿಪಟ್ಟಿದ್ದೇವೆ. ಈ ಖುಷಿಯ ವಿಷಯ ಹೇಳಿದಾಗ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಇದು ಪಶ್ಚಿಮದಿಂದ ಬಂದ ಸರಕು, ನಮ್ಮದಲ್ಲ. ಇನ್ನೊಂದು, ಇದು ಬರೀ ಹಗುರ ಸಾಹಿತ್ಯ, ಕಾಲಹರಣ. ಎರಡಕ್ಕೂ ಚರಿತ್ರೆಯಲ್ಲಿ ಉತ್ತರ ಹುಡುಕಬಹುದು ಎಂದು ನಮಗೆ ಅನಿಸುತ್ತದೆ.

ಮೊದಲು ಘಜ್ನಿಯ ಕತೆಯನ್ನೇ ನೋಡೋಣ. 12ನೆಯ ಶತಮಾನದ ನಿಜಾಮಿ ಅರೂಜಿ ಸಮರ್ಖಂದಿ ಎಂಬ ಲೇಖಕ ಪಾರಸಿಯಲ್ಲಿ 'ಚಹಾರ್ ಮಖಾಲಾ' ಎಂಬ ಗ್ರಂಥ ಬರೆದ. ಕವಿಗಳನ್ನು ಕುರಿತ ಅಧ್ಯಾಯದಲ್ಲಿ ಅವನು ಒಂದು ಪ್ರಸಂಗ ಹೇಳುತ್ತಾನೆ. ಸುಲ್ತಾನ ಮಹಮೂದನಿಗೆ ಅಯಾಜನ ಮೇಲೆ ಪ್ರೀತಿ. ಆದರೆ ಅವನು ದೇವರಿಗೆ ಅಂಜುವವನು. ಶರೀಅತ್ತಿನ ದಾರಿ ತಪ್ಪಬಾರದೆಂದು ತನ್ನ ಮನಸ್ಸಿನೊಡನೆ ತಾನೇ ಸೆಣಸುತ್ತಿದ್ದವನು. ಒಂದು ರಾತ್ರಿ ಪಾನಗೋಷ್ಠಿಯಲ್ಲಿ ಅಯಾಜನ ಗುಂಗುರು ಕೂದಲು ಕಂಡು ಮನಸ್ಸು ಕದಡುತ್ತದೆ. ಪಾಪಕ್ಕೆ ಬಿದ್ದೇನೆಂಬ ಭಯದಿಂದ ಚಾಕು ಕೊಟ್ಟು, ಕೂದಲು ಕತ್ತರಿಸಿಕೋ ಎನ್ನುತ್ತಾನೆ. ಎಲ್ಲಿಂದ ಕತ್ತರಿಸಲಿ ಎಂದು ಮಾತ್ರ ಕೇಳಿ ಅಯಾಜ್ ಹೇಳಿದಂತೆ ಮಾಡುತ್ತಾನೆ. ಬೆಳಿಗ್ಗೆ ಎದ್ದಾಗ ಸುಲ್ತಾನನಿಗೆ ಪಶ್ಚಾತ್ತಾಪ. ಕೂರುತ್ತಾನೆ, ಏಳುತ್ತಾನೆ, ಯಾರೊಡನೆಯೂ ಮಾತಿಲ್ಲ. ಆಸ್ಥಾನದವರಿಗೆ ಹತ್ತಿರ ಹೋಗಲು ಧೈರ್ಯವಿಲ್ಲ. ಕೊನೆಗೆ ಕವಿ ಉನ್ಸುರಿ ಹೋಗಿ ಆ ಕತ್ತರಿಸಿದ ಕೂದಲಿನ ಮೇಲೆಯೇ ಒಂದು ಚೌಪದಿ ಕಟ್ಟಿ ಹೇಳುತ್ತಾನೆ. ಸುಲ್ತಾನನ ಮುಖ ಅರಳುತ್ತದೆ. ಕವಿಯ ಬಾಯಿಗೆ ರತ್ನ ತುಂಬಿಸುತ್ತಾನೆ.

ಇಂದಿನ ಹಗುರ ಐತಿಹಾಸಿಕ ಪ್ರೇಮಕತೆಯಲ್ಲಿ ಏನೇನಿರುತ್ತದೋ ಅದೆಲ್ಲವೂ ಇಲ್ಲಿದೆ. ಅರಮನೆ, ರಾತ್ರಿ, ಹೇಳಿಕೊಳ್ಳಲಾಗದ ಆಸೆ, ಮನಸ್ಸಿನ ಹೊಯ್ದಾಟ, ಮುನಿಸು, ಕೊನೆಗೊಂದು ಜಾಣತನದಿಂದ ಎಲ್ಲವೂ ಸರಿಹೋಗುವುದು. ಲೇಖಕ ಧರ್ಮದ ಮಾತನ್ನೂ ಮುಚ್ಚಿಟ್ಟಿಲ್ಲ, ಪ್ರೀತಿಯ ಮಾತನ್ನೂ ಮುಚ್ಚಿಟ್ಟಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟು, ಓದುಗ ನಗುತ್ತ ಮುಂದೆ ಹೋಗಲಿ ಎಂದು ಬಿಟ್ಟಿದ್ದಾನೆ.

ಮುಂದೆ ಈ ಜೋಡಿಯ ಕತೆಗಳು ಬೆಳೆಯುತ್ತ ಹೋದವು. 13ನೆಯ ಶತಮಾನದ ಸಾದಿ ತನ್ನ 'ಬೂಸ್ತಾನ್' ಕೃತಿಯಲ್ಲಿ, ಅಯಾಜ್ ಅಂಥ ಚೆಲುವನೇನೂ ಅಲ್ಲವಲ್ಲ, ಸುಲ್ತಾನ ಅವನಲ್ಲಿ ಏನು ಕಂಡ ಎಂದು ಜನ ಆಡಿಕೊಳ್ಳುವ ಪ್ರಸಂಗ ತರುತ್ತಾನೆ. ದಾರಿಯಲ್ಲಿ ಒಂಟೆ ಬಿದ್ದು ಮುತ್ತಿನ ಪೆಟ್ಟಿಗೆ ಒಡೆಯುತ್ತದೆ. ಆರಿಸಿಕೊಳ್ಳಿ ಎಂದು ಹೇಳಿ ಸುಲ್ತಾನ ಮುಂದೆ ಹೋದಾಗ ಎಲ್ಲರೂ ಮುತ್ತಿಗೆ ಮುಗಿಬೀಳುತ್ತಾರೆ. ಅಯಾಜ್ ಒಬ್ಬನೇ ಅವನ ಬೆನ್ನ ಹಿಂದೆ ಬರುತ್ತಾನೆ. ಅದೇ ಶತಮಾನದ ರೂಮಿ ತನ್ನ 'ಮಸ್ನವಿ'ಯಲ್ಲಿ ಅಯಾಜನ ಬೀಗ ಹಾಕಿದ ಕೋಣೆಯ ಕತೆ ಹೇಳುತ್ತಾನೆ. ಒಳಗೆ ಚಿನ್ನ ಬಚ್ಚಿಟ್ಟಿದ್ದಾನೆಂದು ಚಾಡಿ ಹೇಳಿದವರು ಬೀಗ ಒಡೆದು ನೋಡಿದರೆ ಸಿಕ್ಕಿದ್ದು ಒಂದು ಹಳೆಯ ಕುರಿತೊಗಲಿನ ಅಂಗಿ, ಒಂದು ಜೊತೆ ಸವೆದ ಜೋಡು. ಅರಮನೆಗೆ ಬರುವ ಮುಂಚೆ ಅವನು ಹಾಕಿಕೊಂಡಿದ್ದವು. ರೂಮಿಗೆ ಇದು ದೇವರ ಮುಂದೆ ಮನುಷ್ಯ ತನ್ನ ಮೂಲ ಮರೆಯಬಾರದೆಂಬ ಪಾಠ. ಕೇಳುವವರಿಗೆ ಪಾಠವೂ ಹೌದು, ಕತೆಯೂ ಹೌದು.

ಚರಿತ್ರೆಯ ಮಹಮೂದ್ ಬೇರೆ. ಅವನು ಆಳಿದ್ದು ಕ್ರಿ.ಶ. 998ರಿಂದ 1030ರವರೆಗೆ. ಅಯಾಜ್ ತುರ್ಕಿ ಮೂಲದ ಗುಲಾಮ. ಲಾಹೋರಿನೊಡನೆ ಅವನ ಹೆಸರು ಸೇರಿಕೊಂಡಿದೆ, ಅವನದೆನ್ನುವ ಗೋರಿಯೂ ಅಲ್ಲಿದೆ. ನಮ್ಮ ಕನ್ನಡ ಶಾಲೆಯ ಪಾಠಪುಸ್ತಕದಲ್ಲಿ ಬರುವ ಮಹಮೂದ್ 1025–26ರಲ್ಲಿ ಸೋಮನಾಥದ ಮೇಲೆ ದಾಳಿ ಮಾಡಿದವನು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದ ನಮ್ಮಂಥವರ ತಲೆಯಲ್ಲಿ ಇಬ್ಬರು ಮಹಮೂದರು ಇದ್ದಾರೆ. ಒಬ್ಬ ಗುಡಿ ಕೆಡವಿದವನು, ಇನ್ನೊಬ್ಬ ಗುಲಾಮನ ಕೂದಲಿಗೆ ಮರುಗಿದವನು. ಎರಡನೆಯವನ ಕತೆ ಮೊದಲನೆಯವನ ಅಪರಾಧವನ್ನು ಅಳಿಸುವುದಿಲ್ಲ. ಅಳಿಸಲೆಂದು ಅದನ್ನು ಕಟ್ಟಿದ್ದೂ ಅಲ್ಲ. ಕತೆ ಚರಿತ್ರೆಯ ವಕೀಲನಲ್ಲ.

ಇದು ಪಾರಸಿಯವರ ಮಾತಾಯಿತು, ನಮ್ಮ ಸೀಮೆಗೇನು ಸಂಬಂಧ ಎಂದು ಕೇಳಬಹುದು. ತರೀಕೆರೆಯಿಂದ ಸ್ವಲ್ಪವೇ ದೂರದಲ್ಲಿ ಅಮೃತಾಪುರವಿದೆ. ಅಲ್ಲಿನ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಅಲ್ಲಿನ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಅದೇ ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ಚೆಲುವ ಗಂಡನನ್ನು, ಅದೂ ರಾಜನನ್ನು ಬಿಟ್ಟು, ವಿಕಾರ ರೂಪದ ಮಾವುತ ಅಷ್ಟಾವಂಕನಿಗೆ ಮನಸೋತ ರಾಣಿ ಅಮೃತಮತಿಯ ಕತೆ ಅದು. ಜನ್ನ ಜೈನ ಕವಿ. ಅವನ ಉದ್ದೇಶ ಹಿಂಸೆಯ, ಕರ್ಮದ ಫಲ ತೋರಿಸುವುದು. ಅಮೃತಮತಿಯನ್ನು ಅವನು ಕ್ಷಮಿಸುವುದಿಲ್ಲ. ಆದರೂ ಎಂಟುನೂರು ವರ್ಷಗಳಿಂದ ಕನ್ನಡದ ಓದುಗರು ಮರೆಯದೆ ಉಳಿಸಿಕೊಂಡದ್ದು, ಮಾವುತನ ಹಾಡು ಕೇಳಿ ನಿದ್ದೆಗೆಟ್ಟ ಆ ರಾಣಿಯನ್ನೇ. ಅಯಾಜನಲ್ಲಿ ಸುಲ್ತಾನ ಏನು ಕಂಡ ಎಂಬ ಸಾದಿಯ ಪ್ರಶ್ನೆಯೂ ಅಷ್ಟಾವಂಕನಲ್ಲಿ ರಾಣಿ ಏನು ಕಂಡಳು ಎಂಬ ಜನ್ನನ ಪ್ರಶ್ನೆಯೂ ಬೇರೆಯಲ್ಲ. ಒಲವಿಗೆ ಕಾರಣ ಕೇಳಬಾರದೆಂಬುದನ್ನು ಧರ್ಮಭೀರು ಕವಿಗಳೇ ನಮಗೆ ಕಲಿಸಿಕೊಟ್ಟಿದ್ದಾರೆ.

ಗಂಡಸರ ನಡುವಿನ ಬಂಧದ ಮಾತಿಗೆ ಬಂದರೆ ಅದೇ ವೀರಬಲ್ಲಾಳನ ಇನ್ನೊಂದು ಶಾಸನ ನೆನಪಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದು ಕುವರ ಲಕ್ಷ್ಮನ ಕತೆ ಹೇಳುತ್ತದೆ. ಅವನು ಬಲ್ಲಾಳನ ದಂಡನಾಯಕ, 'ಗರುಡ'. ಎಂದರೆ ಒಡೆಯನ ಜೊತೆಯಲ್ಲೇ ಸಾಯುವ ವ್ರತ ತೊಟ್ಟವನು, ಅದರ ಗುರುತಾಗಿ ಕಾಲಿಗೆ ತೊಡರು ಹಾಕಿಕೊಂಡವನು. 1220ರ ಸುಮಾರಿಗೆ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಸಾವಿರ ಯೋಧರು ಪ್ರಾಣ ಬಿಟ್ಟರು. ತಲೆ ಕತ್ತರಿಸಿಕೊಳ್ಳುತ್ತಿರುವ ವೀರರ ಚಿತ್ರಗಳು ಕಂಬದ ಮೇಲಿವೆ. ಇದನ್ನು ಇಂದಿನ ಅರ್ಥದ ಸಲಿಂಗ ಪ್ರೇಮವೆಂದು ಕರೆಯುವುದು ತಪ್ಪಾಗುತ್ತದೆ; ಅರಸ ಅವನನ್ನು ಮಗನಂತೆ ಬೆಳೆಸಿದ ಎನ್ನುತ್ತದೆ ಶಾಸನ. ಆದರೆ ಒಬ್ಬ ಗಂಡಸಿನ ಬದುಕಿನ ಅತಿ ದೊಡ್ಡ ನಂಟು ಇನ್ನೊಬ್ಬ ಗಂಡಸಿನ ಜೊತೆಗೇ ಇರಬಹುದೆಂದು ಬಹಿರಂಗವಾಗಿ ಕಲ್ಲಿನಲ್ಲಿ ಬರೆಸಲು ಆ ಕಾಲದವರು ನಾಚಲಿಲ್ಲ. ಮಹಮೂದ್–ಅಯಾಜರ ಕತೆಗಳು ಇಂಥ ನೆಲಕ್ಕೆ ಬಂದಾಗ ಕೇಳುವವರಿಗೆ ಅವು ತೀರಾ ಪರಕೀಯವಾಗಿ ಕಂಡಿರಲಾರವು.

ಭಾಷೆಯ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಪಾರಸಿಯಲ್ಲಿ ಅವನು, ಅವಳು ಎಂಬ ಭೇದವಿಲ್ಲ. ಎರಡಕ್ಕೂ ಒಂದೇ ಸರ್ವನಾಮ. ಉರ್ದುವಿನಲ್ಲಿ ಕ್ರಿಯಾಪದದಲ್ಲಿ ಭೇದವಿದೆ, ಆದರೆ ಗಜಲಿನಲ್ಲಿ ಪ್ರಿಯ ಪಾತ್ರ ಸಾಮಾನ್ಯವಾಗಿ ಪುಲ್ಲಿಂಗದಲ್ಲೇ ಬರುತ್ತದೆ. ಅದು ಹುಡುಗನಿರಬಹುದು, ಹುಡುಗಿಯಿರಬಹುದು, ಸೂಫಿಗಳಿಗೆ ದೇವರೂ ಆಗಿರಬಹುದು. ಕನ್ನಡಕ್ಕೆ ಗಜಲ್ ತರುವವರಿಗೆ ಕಷ್ಟ ಶುರುವಾಗುವುದು ಇಲ್ಲಿಯೇ. ನಮ್ಮ ಕ್ರಿಯಾಪದ 'ಬಂದನು' ಎನ್ನಬೇಕು, ಇಲ್ಲವೆ 'ಬಂದಳು' ಎನ್ನಬೇಕು. ಸಾಮಾನ್ಯವಾಗಿ ಅನುವಾದಕರು 'ಬಂದಳು' ಎಂದು ಬರೆದು ನಿಟ್ಟುಸಿರು ಬಿಡುತ್ತಾರೆ. ಆ ಒಂದು ಅಕ್ಷರದಲ್ಲಿ ಇಡೀ ಒಂದು ಪರಂಪರೆಯ ದ್ವಂದ್ವ ಕಳೆದುಹೋಗುತ್ತದೆ. ಹಾಗೆ ನೋಡಿದರೆ ಕನ್ನಡಕ್ಕೂ ಇದು ಹೊಸದಲ್ಲ. 'ಶರಣಸತಿ, ಲಿಂಗಪತಿ' ಎಂಬ ಭಾವದಲ್ಲಿ ಗಂಡಸರಾದ ವಚನಕಾರರು ಹೆಣ್ಣಾಗಿ ದೇವರನ್ನು ಕರೆದದ್ದು ನಮ್ಮವರೇ ಮಾಡಿದ ಕೆಲಸ.

ನಮ್ಮ ಮನೆಮಾತು ದಖನಿಯಲ್ಲಿ ಈ ಎರಡೂ ದಾರಿಗಳು ಕೂಡುತ್ತವೆ. ಬಿಜಾಪುರದ ಆದಿಲ್‌ಶಾಹಿ ಕಾಲದ ಕಣ್ಣಿಲ್ಲದ ಕವಿ ಹಾಶ್ಮಿ ಹೆಣ್ಣಿನ ದನಿಯಲ್ಲಿ, ಹೆಣ್ಣಿನ ಮಾತುಗಾರಿಕೆಯಲ್ಲಿ ಗಜಲ್‌ಗಳನ್ನು ಬರೆದ. ಔರಂಗಾಬಾದಿನ ಸಿರಾಜ್ 1747ರಲ್ಲಿ 'ಬೋಸ್ತಾನೆ ಖಯಾಲ್' ಎಂಬ ಮಸ್ನವಿ ಬರೆದ. ಒಬ್ಬ ತರುಣನ ಮೇಲಿನ ತನ್ನ ಪ್ರೀತಿ, ಅದರ ಸುಖ, ಅಗಲಿಕೆಯ ನೋವನ್ನು ಕವಿ ಅಲ್ಲಿ ತನ್ನದೇ ಕತೆಯಾಗಿ ಹೇಳುತ್ತಾನೆ. ಸಿರಾಜ್ ಸೂಫಿ ದಾರಿಯವನು. ಅವನ ಕಾವ್ಯವನ್ನು ಅವನ ಕಾಲದವರು ಮುಚ್ಚಿಟ್ಟು ಓದಲಿಲ್ಲ.

ಹಾಗೆಂದು ಹಳೆಯ ಕಾಲವೇ ಚಂದವಿತ್ತು ಎಂದು ಹಾಡಿಬಿಡುವಂತಿಲ್ಲ. ಬಿಜಾಪುರದ ಚರಿತ್ರೆಯಲ್ಲೇ ಇದಕ್ಕೆ ಕಹಿಯಾದ ಉತ್ತರವಿದೆ. ಒಂದನೆಯ ಅಲಿ ಆದಿಲ್ ಶಾಹ 1558ರಿಂದ 1580ರವರೆಗೆ ಆಳಿದ. 1565ರ ತಾಳಿಕೋಟೆ ಕಾಳಗದ ವಿಜಯಿಗಳಲ್ಲಿ ಅವನೂ ಒಬ್ಬ, ಬಿಜಾಪುರದ ದೊಡ್ಡ ಜಾಮಿಯಾ ಮಸೀದಿ ಶುರು ಮಾಡಿದವನು, ಚಾಂದ್‌ಬೀಬಿಯ ಗಂಡ. ಅವನ ಸಾವಿನ ಕತೆಯನ್ನು ಫಿರಿಶ್ತಾ ಬರೆದಿದ್ದಾನೆ. ಬೀದರಿನ ಬರೀದ್‌ಶಾಹಿ ದೊರೆಯ ಬಳಿ ಇಬ್ಬರು ರೂಪವಂತ ಖೋಜಾಗಳಿದ್ದರು. ಅವರನ್ನು ಕಳಿಸಿಕೊಡು ಎಂದು ಅಲಿ ಆದಿಲ್ ಶಾಹ ಕೇಳಿದ. ಮೊದಲು ಒಪ್ಪದ ಬೀದರಿನವನು, ಶತ್ರುಗಳು ಮುತ್ತಿಗೆ ಹಾಕಿ ಬಿಜಾಪುರದ ನೆರವು ಬೇಕಾದಾಗ ಒಪ್ಪಿದ. ಇಬ್ಬರನ್ನೂ ಬಿಜಾಪುರಕ್ಕೆ ತಂದರು. ಸುಲ್ತಾನನ ಬಳಿಗೆ ಹೋದ ರಾತ್ರಿ ಅವರಲ್ಲಿ ಒಬ್ಬ, ಬಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಕಠಾರಿಯಿಂದ ಅವನನ್ನು ಇರಿದು ಕೊಂದ.

ಫಿರಿಶ್ತಾ ಬಿಜಾಪುರಕ್ಕೆ ಬಂದದ್ದು ಈ ಘಟನೆಯಾದ ಸುಮಾರು ಒಂಬತ್ತು ವರ್ಷಗಳ ಮೇಲೆ, ಬರೆದದ್ದು ಅದಕ್ಕೂ ಆಮೇಲೆ. ಅವನು ಬರೆದದ್ದು ಸುಲ್ತಾನನ ಕತೆ. ಇರಿದವನ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಬರೆದಿಡಲಿಲ್ಲ. ಸಾಮಾನಿನ ಹಾಗೆ ಒಂದು ದರ್ಬಾರಿನಿಂದ ಇನ್ನೊಂದಕ್ಕೆ ಸಾಗಿಸಲ್ಪಟ್ಟ ಆ ತರುಣನೂ ಒಬ್ಬ ಅಯಾಜನೇ; ಆದರೆ 'ಒಲ್ಲೆ' ಎಂದ ಅಯಾಜ್. ಮಹಮೂದನ ಕತೆಯಲ್ಲಿ ಅಯಾಜನಿಗೆ ಕೂದಲು ಎಲ್ಲಿಂದ ಕತ್ತರಿಸಲಿ ಎಂದು ಕೇಳುವ ಹಕ್ಕಿದೆ, ಯಾಕೆ ಕತ್ತರಿಸಬೇಕು ಎಂದು ಕೇಳುವ ಹಕ್ಕಿಲ್ಲ. ಬಿಜಾಪುರದ ಆ ರಾತ್ರಿ, ಕೇಳುವ ಹಕ್ಕೇ ಇಲ್ಲದವನು ಕಠಾರಿಯಲ್ಲಿ ಮಾತಾಡಿದ. ಹಳೆಯ ಪ್ರೇಮಕತೆಗಳನ್ನು ಓದುವಾಗ ಈ ರಾತ್ರಿಯನ್ನು ಮರೆಯಬಾರದು. ಗಂಡು–ಹೆಣ್ಣಿನ ಹಳೆಯ ಪ್ರೇಮಕತೆಗಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಜನಾನಾದ ಗೋಡೆಗಳ ಒಳಗೆ ಎಷ್ಟು ಮಂದಿ 'ಒಲ್ಲೆ' ಎಂದರೆಂಬುದು ಯಾವ ತವಾರೀಖಿನಲ್ಲೂ ಬರೆದಿಲ್ಲ.

ಹಳೇಬೀಡಿಗೆ ಮತ್ತೆ ಬರೋಣ. ಕುವರ ಲಕ್ಷ್ಮನ ಕಾಲದ ಸುಮಾರು ತೊಂಬತ್ತು ವರ್ಷಗಳ ನಂತರ, 1311ರಲ್ಲಿ, ಮಲಿಕ್ ಕಾಫೂರ್ ಅಲ್ಲಿಗೆ ದಂಡು ತಂದ. ಗುಜರಾತಿನಲ್ಲಿ ಸೆರೆಸಿಕ್ಕ ಗುಲಾಮ ಅವನು. ಅಲಾವುದ್ದೀನ್ ಖಿಲ್ಜಿಯ ಸೇನಾನಿಯಾಗಿ ಬೆಳೆದ. ಸುಲ್ತಾನನಿಗೆ ಅವನ ಮೇಲಿದ್ದ ಮೋಹವನ್ನು ಚರಿತ್ರಕಾರ ಬರನಿ ಕಟುವಾಗಿಯೇ ಬರೆದಿದ್ದಾನೆ. 2018ರಲ್ಲಿ ಬಂದ 'ಪದ್ಮಾವತ್' ಸಿನಿಮಾ ಈ ಕಾಫೂರನನ್ನು ಹೇಗೆ ತೋರಿಸಿತೆಂಬುದು ಅನೇಕರಿಗೆ ನೆನಪಿರಬಹುದು. ಅಲ್ಲಿ ಗಂಡಸಿನ ಮೇಲೆ ಗಂಡಸಿಗಿರುವ ಮೋಹ, ಸುಲ್ತಾನನ ಕ್ರೌರ್ಯದ ಇನ್ನೊಂದು ಗುರುತು ಮಾತ್ರ. ಹಸಿ ಮಾಂಸ ಕಿತ್ತು ತಿನ್ನುವುದು, ಕಣ್ಣಿಗೆ ಕಾಡಿಗೆ ತೀಡುವುದು, ಕಾಫೂರನ ವಯ್ಯಾರ, ಎಲ್ಲವೂ ಸೇರಿ ಒಬ್ಬ ರಾಕ್ಷಸ ಮುಸ್ಲಿಮನಾಗುತ್ತಾನೆ. ಒಂದೇ ಏಟಿಗೆ ಎರಡು ಸಮುದಾಯಗಳಿಗೆ ಅವಮಾನ. ಸಿನಿಮಾದ ವಿರುದ್ಧ ಆಗ ಎದ್ದ ದೊಡ್ಡ ಗದ್ದಲ ರಾಣಿಯ ಮಾನದ ಬಗ್ಗೆ. ಈ ಅವಮಾನದ ಬಗ್ಗೆ ಎದ್ದ ದನಿಗಳು ಆ ಗದ್ದಲದಲ್ಲಿ ಕೇಳಿಸಲಿಲ್ಲ. ನಾವೇ ನಮ್ಮ ಹಳೆಯ ಕತೆಗಳಿಗೆ ನಾಚಿ ಅವನ್ನು ಒಳಗೆ ಹಾಕಿ ಬೀಗ ಜಡಿದರೆ, ಬೇರೆಯವರು ಬೀಗ ಒಡೆದು ತಮಗೆ ಬೇಕಾದದ್ದನ್ನು ಹೊರಗೆ ತಂದು ತೋರಿಸುತ್ತಾರೆ.

ಈ ನಾಚಿಕೆ ಬಂದದ್ದು ಯಾವಾಗ? ಧರ್ಮದ ವಿಧಿನಿಷೇಧ ಮೊದಲಿನಿಂದಲೂ ಇತ್ತು. 'ಚಹಾರ್ ಮಖಾಲಾ'ದ ಮಹಮೂದನಿಗೂ ಅದು ಗೊತ್ತಿತ್ತು. ಆದರೆ ಕತೆ ಹೇಳುವುದಕ್ಕೂ ನಾಚಬೇಕೆಂಬುದು 19ನೆಯ ಶತಮಾನದ ಕೊಡುಗೆ. 1860ರಲ್ಲಿ ಬ್ರಿಟಿಷರು ಭಾರತೀಯ ದಂಡಸಂಹಿತೆ ತಂದರು. ಅದರ 377ನೆಯ ಕಲಮು ಇಂಥ ಸಂಬಂಧವನ್ನು ಅಪರಾಧವೆಂದಿತು. 1857ರ ಸೋಲಿನ ನಂತರ ನಮ್ಮ ಸುಧಾರಕರು, ಆಳುವವರ ಕಣ್ಣಿನಿಂದ ತಮ್ಮ ಸಾಹಿತ್ಯವನ್ನು ನೋಡಿಕೊಂಡರು. 1893ರಲ್ಲಿ ಮೌಲಾನಾ ಹಾಲಿ ತಮ್ಮ 'ಮುಖದ್ದಮಾ'ದಲ್ಲಿ ಗಜಲಿನ ಗಂಡು ಪ್ರಿಯಕರನ ಬಗ್ಗೆ ಮುಜುಗರ ವ್ಯಕ್ತಪಡಿಸಿ, ಹೆಣ್ಣೋ ಗಂಡೋ ತಿಳಿಯದಂಥ ಮಾತು ಬಳಸುವುದು ಒಳ್ಳೆಯದೆಂದರು. ಹಾಲಿ ದೊಡ್ಡವರು, ಹೆಣ್ಣುಮಕ್ಕಳ ಪರವಾಗಿ ಬರೆದವರು. ಅವರ ಕಾಳಜಿ ಸುಳ್ಳಲ್ಲ. ಆದರೆ ಆ ಗುಡಿಸುವಿಕೆಯಲ್ಲಿ ಕಸದ ಜೊತೆ ಎಷ್ಟೋ ಕತೆಗಳೂ ಹೋದವು.

ಮಹಮೂದ್–ಅಯಾಜ್ ಮಾತ್ರ ಹೋಗಲಿಲ್ಲ, ಬೇರೆ ವೇಷದಲ್ಲಿ ಉಳಿದರು. ಇಕ್ಬಾಲರ 'ಶಿಕ್ವಾ' ಕವಿತೆಯಲ್ಲಿ ಅವರಿಬ್ಬರೂ ನಮಾಜಿನ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ. ಉರ್ದು ಶಾಲೆಯಲ್ಲಿ ಓದಿದವರಲ್ಲಿ ಆ ಸಾಲು ಬಾರದವರು ಕಡಿಮೆ. ಸಮಾನತೆಯ ಆ ಚಿತ್ರ ನಮಗೂ ಪ್ರಿಯವೇ. ಆದರೆ ಅದರಲ್ಲಿ ಕುರಿತೊಗಲಿನ ಅಂಗಿಯಿಲ್ಲ, ಕತ್ತರಿಸಿದ ಕೂದಲಿಲ್ಲ. ಪ್ರೇಮಿಗಳಿಬ್ಬರೂ ಒಂದು ತತ್ವದ ಎರಡು ಉದಾಹರಣೆಗಳಾದರು.

ಇದೇ ಕಾಲದಲ್ಲಿ ಐತಿಹಾಸಿಕ ಪ್ರೇಮ ಕಾದಂಬರಿಯೂ ನಮ್ಮ ಭಾಷೆಗಳಿಗೆ ಬಂತು. ಉರ್ದುವಿನಲ್ಲಿ ಅಬ್ದುಲ್ ಹಲೀಂ ಶರರ್ 1888ರಲ್ಲಿ 'ಮಲಿಕುಲ್ ಅಜೀಜ್ ವರ್ಜಿನಾ' ಬರೆದರು. ಧರ್ಮಯುದ್ಧಗಳ ಹಿನ್ನೆಲೆ, ಮುಸ್ಲಿಂ ವೀರ, ಕ್ರೈಸ್ತ ರಾಜಕುಮಾರಿ. ಕನ್ನಡದಲ್ಲಿ ಗಳಗನಾಥರು ಐತಿಹಾಸಿಕ ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಆಮೇಲೆ ತ.ರಾ.ಸು. ಬಂದರು. ಬಾಡಿಗೆ ಪುಸ್ತಕದಂಗಡಿಯಿಂದ ತಂದ ಅವರ ದುರ್ಗದ ಕಾದಂಬರಿಗಳು ಹಾಳೆ ಕಳಚುವವರೆಗೆ ಕೈಯಿಂದ ಕೈಗೆ ಹೋಗುತ್ತಿದ್ದವು. ಮನೆಯವರು 'ಓದಿದ್ದು ಸಾಕು, ದೀಪ ಆರಿಸು' ಎನ್ನುತ್ತಿದ್ದರೇ ಹೊರತು ಆ ಪ್ರೇಮ ಪ್ರಸಂಗಗಳಿಂದ ಸಮಾಜ ಕೆಟ್ಟಿತೆಂದು ಯಾರೂ ಹೆದರಲಿಲ್ಲ. ಎಷ್ಟೋ ಮಂದಿಗೆ ಓದುವ ರುಚಿ ಹತ್ತಿದ್ದೇ ಅಲ್ಲಿಂದ. ಹಗುರ ಸಾಹಿತ್ಯವೆಂದು ಮೂಗು ಮುರಿಯುವ ಮುಂಚೆ ಇದನ್ನು ನೆನೆಯಬೇಕು. ಗಂಡು–ಹೆಣ್ಣಿನ ಪ್ರೀತಿಗೆ ಹಗುರವಾಗುವ, ತಮಾಷೆಯಾಗುವ, ಸುಖಾಂತವಾಗುವ ಹಕ್ಕು ಎಂದಿನಿಂದಲೂ ಇತ್ತು. ಇನ್ನೊಂದು ಬಗೆಯ ಪ್ರೀತಿಗೆ ಸಿಕ್ಕಿದ್ದು ಎರಡೇ ಗತಿ: ಒಂದೋ ತತ್ವವಾಗಬೇಕು, ಇಲ್ಲವೆ ದುರಂತವಾಗಬೇಕು.

ಸುಖಾಂತದ ಈ ಹಕ್ಕಿಗಾಗಿ ಹಟ ಹಿಡಿದ ಒಬ್ಬ ಲೇಖಕನ ಕತೆಯಲ್ಲಿ ನಮ್ಮವರೊಬ್ಬರು ಬರುತ್ತಾರೆ. ಇ.ಎಂ. ಫಾರ್ಸ್ಟರ್ 1906ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಭಾರತೀಯ ಹುಡುಗನಿಗೆ ಲ್ಯಾಟಿನ್ ಹೇಳಿಕೊಡಲು ಹೋದ. ಹುಡುಗನ ಹೆಸರು ಸೈಯದ್ ರಾಸ್ ಮಸೂದ್, ಅಲೀಗಢದ ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ. ಫಾರ್ಸ್ಟರ್ ಅವನಿಗೆ ಮನಸೋತ. ಮಸೂದ್ ಅದೇ ಬಗೆಯಲ್ಲಿ ಪ್ರೀತಿಸಲಿಲ್ಲ, ಆದರೆ ಸ್ನೇಹವನ್ನು ಕಡಿದುಕೊಳ್ಳಲೂ ಇಲ್ಲ. 1937ರಲ್ಲಿ ತಾವು ತೀರಿಕೊಳ್ಳುವವರೆಗೂ ಉಳಿಸಿಕೊಂಡರು. ಮುಂದೆ ಮಸೂದ್ ಹೈದರಾಬಾದಿನಲ್ಲಿ ಶಿಕ್ಷಣ ಇಲಾಖೆ ನಡೆಸಿದರು, ಉಸ್ಮಾನಿಯಾ ವಿಶ್ವವಿದ್ಯಾಲಯ ಕಟ್ಟುವುದರಲ್ಲಿ ದುಡಿದರು, ಅಲೀಗಢದ ಕುಲಪತಿಯಾದರು. 1924ರ 'ಎ ಪ್ಯಾಸೇಜ್ ಟು ಇಂಡಿಯಾ' ಅವರಿಗೇ ಅರ್ಪಿತ. ಮೊದಲ ಭಾರತ ಯಾತ್ರೆ ಮುಗಿಸಿ ಹೋದ ಫಾರ್ಸ್ಟರ್ 1913–14ರಲ್ಲಿ 'ಮಾರಿಸ್' ಎಂಬ ಕಾದಂಬರಿ ಬರೆದ. ಇಬ್ಬರು ಗಂಡಸರು ಕೊನೆಗೆ ಒಟ್ಟಿಗೆ ಬಾಳುವ ಕತೆ. ಸುಖಾಂತ ಇರಲೇಬೇಕೆಂಬುದು ಅವನ ಹಟ. ನೇಣೋ ಆತ್ಮಹತ್ಯೆಯೋ ಕೊನೆಯಲ್ಲಿ ಬಂದಿದ್ದರೆ ಪ್ರಕಟಿಸುವುದು ಸುಲಭವಾಗುತ್ತಿತ್ತೆಂಬುದು ಅವನಿಗೇ ಗೊತ್ತಿತ್ತು. ಪುಸ್ತಕ ಹೊರಬಂದದ್ದು ಅವನು ತೀರಿಹೋದ ಮೇಲೆ, 1971ರಲ್ಲಿ.

ಮರುವರ್ಷ, 1972ರಲ್ಲಿ, ಮೇರಿ ರೆನೊ ಅವರ 'ದಿ ಪರ್ಶಿಯನ್ ಬಾಯ್' ಬಂತು. ಅಲೆಕ್ಸಾಂಡರನ ಕತೆ ಅದು. ಹೇಳುವವನು ಮಾತ್ರ ಬಗೋವಾಸ್ ಎಂಬ ಪಾರಸಿ ಖೋಜಾ. ಚರಿತ್ರಕಾರರು ಬಾಯಿ ಕೊಡದ ಗುಲಾಮನಿಗೆ ಕಾದಂಬರಿಗಾರ್ತಿ ಬಾಯಿ ಕೊಟ್ಟಳು. ಇಂದಿನ ಹಗುರ ಕಾದಂಬರಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ಕೆ.ಜೆ. ಚಾರ್ಲ್ಸ್ ಎಂಬ ಬ್ರಿಟಿಷ್ ಲೇಖಕಿಯ 'ಅನ್‌ಫಿಟ್ ಟು ಪ್ರಿಂಟ್' (2018) ನೋಡಿ. ವಿಕ್ಟೋರಿಯಾ ಕಾಲದ ಲಂಡನ್. ವಿಕ್ರಂ ಪಾಂಡೆ ಎಂಬ ಭಾರತೀಯ ಮೂಲದ ವಕೀಲ ಕಾಣೆಯಾದ ಹುಡುಗನೊಬ್ಬನನ್ನು ಹುಡುಕಿಕೊಂಡು ಹೋಗಿ, ಅಶ್ಲೀಲ ಪುಸ್ತಕ ಮಾರುವ ಅಂಗಡಿಯಲ್ಲಿ ತನ್ನ ಹಳೆಯ ಶಾಲಾ ಗೆಳೆಯನನ್ನು ಕಾಣುತ್ತಾನೆ. ಒಬ್ಬ ಶಿಸ್ತಿನವನು, ಇನ್ನೊಬ್ಬ ಪೋಲಿ. ಜಗಳ, ಪತ್ತೇದಾರಿ, ಪ್ರೀತಿ. ಇಲ್ಲಿ ಯಾರೂ ಯಾರ ಗುಲಾಮನೂ ಅಲ್ಲ. ಇಬ್ಬರಿಗೂ 'ಒಲ್ಲೆ' ಎನ್ನುವ ಸ್ವಾತಂತ್ರ್ಯವಿದೆ. ಅದಕ್ಕೇ ಅವರ 'ಹೂಂ'ಗೆ ಬೆಲೆಯಿದೆ.

ನಮ್ಮ ಖುಷಿಯ ಗುಟ್ಟು ಇಲ್ಲಿದೆ ಎಂದು ತೋರುತ್ತದೆ. ಇಂಥ ಕಾದಂಬರಿ ಚರಿತ್ರೆಯಲ್ಲಿ ಇದ್ದದ್ದನ್ನು ಹೇಳುವುದಿಲ್ಲ, ಚರಿತ್ರೆ ಕೊಡದೆ ಉಳಿಸಿಕೊಂಡದ್ದನ್ನು ಕೊಡುತ್ತದೆ. ಅಂಥವರು ಆ ಕಾಲದಲ್ಲಿ ಇದ್ದದ್ದಂತೂ ಖಂಡಿತ. ಅವರಲ್ಲಿ ಯಾರಾದರೂ ಸುಖವಾಗಿದ್ದಿರಬಾರದೇ ಎಂದು ಕೇಳುತ್ತದೆ. ಬಾಡಿಗೆ ಪುಸ್ತಕದ ರಾಜಕುಮಾರಿಗೆ ನ್ಯಾಯ ಸಿಗಲೆಂದು ದೀಪ ಆರಿಸದೆ ಓದಿದ ಮನಸ್ಸೇ ಇಲ್ಲಿಯೂ ಪುಟ ತಿರುವುವುದು.

ಇನ್ನು ದೀನಿನ ಪ್ರಶ್ನೆ. ನಮ್ಮ ಓದುಗರಲ್ಲಿ ಅನೇಕರು ಇದನ್ನು ಪ್ರಾಮಾಣಿಕವಾಗಿ ಕೇಳುತ್ತಾರೆ, ಅದನ್ನು ಹಗುರವಾಗಿ ತಳ್ಳಬಾರದು. ಯಾವುದು ಹಲಾಲು, ಯಾವುದು ಹರಾಮು ಎಂದು ಹೇಳುವುದು ಕತೆಗಾರರ ಕೆಲಸವಲ್ಲ, ಅದಕ್ಕೆ ಉಲೇಮಾಗಳಿದ್ದಾರೆ. ಆದರೆ ಕತೆ ಓದುವುದು ಫತ್ವಾ ಕೊಡುವುದಲ್ಲ. ಅಮೃತಮತಿಯನ್ನು ಓದಿದವರೆಲ್ಲ ವ್ಯಭಿಚಾರವನ್ನು ಒಪ್ಪಿದವರಲ್ಲ. ಸಾದಿಯೂ ರೂಮಿಯೂ ನಮಗಿಂತ ಕಡಿಮೆ ಮುಸಲ್ಮಾನರಾಗಿರಲಿಲ್ಲ. ವಿಧಿಯ ಮಾತು ಮದರಸಾದಲ್ಲಿ ನಡೆಯಲಿ. ಮನುಷ್ಯನ ಮನಸ್ಸನ್ನು ತಿಳಿಯುವ ಕೆಲಸ ಕತೆಯಲ್ಲಿ ನಡೆಯಲಿ. ಇವೆರಡನ್ನೂ ಒಂದೇ ಪುಟದಲ್ಲಿ ಇಡುವ ಎದೆಗಾರಿಕೆ ನಮ್ಮ ಹಿರಿಯರಿಗಿತ್ತು.

ಇದು ಬರೀ ಪುಸ್ತಕದ ಮಾತೂ ಅಲ್ಲ. ಕನ್ನಡದಲ್ಲಿ 2013ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಬಂದಾಗ, ಸಣ್ಣ ಊರಿನ ಒಬ್ಬ ಹುಡುಗ ಎಷ್ಟು ಒಂಟಿಯಾಗಿ ಬೆಳೆಯಬಹುದೆಂದು ಬಹಳ ಮಂದಿಗೆ ಮೊದಲ ಸಲ ತಿಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 377ನೆಯ ಕಲಮನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. 2023ರಲ್ಲಿ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಕಾನೂನು ಹೀಗೆ ಹಿಂದೆ ಮುಂದೆ ನಡೆಯುತ್ತಿರುವಾಗಲೂ ನಮ್ಮ ಮೊಹಲ್ಲಾಗಳಲ್ಲಿ, ಕೇರಿಗಳಲ್ಲಿ ಯಾರದೋ ಮಗ, ಯಾರದೋ ತಮ್ಮ ಮಾತಾಡದೆ ಬೆಳೆಯುತ್ತಿರುತ್ತಾನೆ. ಅವನ ಕಿವಿಗೆ ಬೀಳುವುದು ಒಂದೋ ಬೈಗುಳ, ಇಲ್ಲವೆ ಗೇಲಿ, ಇಲ್ಲವೆ ಆತ್ಮಹತ್ಯೆಯ ಸುದ್ದಿ. ತನ್ನಂಥವರು ನಕ್ಕು, ಜಗಳವಾಡಿ, ಕೊನೆಗೆ ಚೆನ್ನಾಗಿದ್ದರೆಂಬ ಒಂದು ಕತೆ, ಅದು ಎಷ್ಟೇ ಹಗುರದ್ದಾಗಿರಲಿ, ಅವನ ಕೈಗೆ ಸಿಕ್ಕರೆ ಅದನ್ನು ಕಾಲಹರಣವೆಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ.

ಕನ್ನಡದ ತರುಣ ಲೇಖಕರಿಗೆ ನಮ್ಮದೊಂದು ಸಲಹೆ. ಇಂಥ ಕಾದಂಬರಿ ಬರೆಯಲು ಲಂಡನ್ನೇ ಬೇಕಿಲ್ಲ, ಘಜ್ನಿಯೂ ಬೇಕಿಲ್ಲ. 20ನೆಯ ಶತಮಾನದ ಮೊದಲರ್ಧದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಸಣ್ಣ ಟ್ರಾಂ ರೈಲು ಓಡುತ್ತಿತ್ತು. ಅದರಲ್ಲಿ ಮರ ಲೆಕ್ಕ ಹಾಕುವ ಒಬ್ಬ ಗುಮಾಸ್ತ, ಇಂಜಿನ್ನಿಗೆ ಬೆಂಕಿ ಹಾಕುವ ಇನ್ನೊಬ್ಬ. ಒಬ್ಬನ ಮನೆಮಾತು ದಖನಿ, ಇನ್ನೊಬ್ಬನದು ಕನ್ನಡ. ಮಳೆಗಾಲ, ಮಲೇರಿಯಾ, ಮರಗಳ್ಳರು, ಒಬ್ಬ ಸಂಶಯದ ಸಾಹೇಬ. ಯಾರೂ ಸುಲ್ತಾನನಲ್ಲ, ಯಾರೂ ಗುಲಾಮನಲ್ಲ. ಬರೆಯುವವರು ಬರೆದರೆ ಓದಲು ನಾವಿದ್ದೇವೆ. ಒಂದೇ ಕೋರಿಕೆ: ಕೊನೆಯಲ್ಲಿ ಇಬ್ಬರನ್ನೂ ಬದುಕಿಸಿ.